ಎಲ್ಲರೂ ಕೆಮ್ಮುವ ಊರಿನಲ್ಲಿ ನನ್ನ ಕೆಮ್ಮು

ಆ ವರ್ಷಗಳಲ್ಲಿ ಹೊಸಪೇಟೆಯಲ್ಲಿ ಕೆಮ್ಮದವನು ಯಾರಿದ್ದ? ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿಗಳು ಪಾಪಿನಾಯಕನಹಳ್ಳಿ ದಾಟಿ ಊರಿನ ತನಕ ಒಂದರ ಹಿಂದೊಂದು ನಿಂತಿರುತ್ತಿದ್ದವು. ಬೇವಿನ ಎಲೆ ಕೆಂಪು, ಹೋಟೆಲಿನ ಬೆಂಚು ಕೆಂಪು, ಮದುವೆ ಚಪ್ಪರದ ಬಿಳಿ ಬಟ್ಟೆ ಊಟದ ಹೊತ್ತಿಗೆ ಕೆಂಪು. ಮೂಗು ಒರೆಸಿದರೂ ಕೆಂಪು, ಉಗುಳಿದರೂ ಕೆಂಪು. ಹಾಗಾಗಿ ಕೆಮ್ಮಿ ಬಾಯಿ ಒರೆಸಿದ ಕರವಸ್ತ್ರ ಕೆಂಪಾದಾಗ ನಾನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಮೂರು ತಿಂಗಳು ಹಾಗೆಯೇ ಹಾಕಿಕೊಳ್ಳುತ್ತ ಹೋದೆ.

ನನಗೆ ಆಗ ಮೂವತ್ತಾರು. ಹದಿನೇಳು ವರ್ಷ ಫುಟ್‌ಬಾಲ್ ಆಡಿಯೇ ಅನ್ನ ತಿಂದವನು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲರ ಮೇಸ್ತ್ರಿಯಾಗಿದ್ದ ಅಪ್ಪನ ಮಗ. ಹತ್ತೊಂಬತ್ತಕ್ಕೆ ಬೆಂಗಳೂರಿನ ಒಂದು ಕಾರ್ಖಾನೆಯ ತಂಡ ಸೇರಿದೆ. ಹನ್ನೊಂದು ವರ್ಷ ಅಲ್ಲಿ, ಎರಡು ವರ್ಷ ಗೋವಾದಲ್ಲಿ, ಆಮೇಲೆ ಗಣಿ ಧಣಿಯೊಬ್ಬರು ಹೊಸಪೇಟೆಯಲ್ಲಿ ತಂಡ ಕಟ್ಟಿದಾಗ ಊರ ಕಡೆಗೆ ಬಂದೆ. ಆಡುತ್ತಿದ್ದ ಜಾಗ ಮೈದಾನದ ನಟ್ಟನಡುವೆ. ಗೋಲು ಹೊಡೆದವನ ಚಿತ್ರ ಪೇಪರಿನಲ್ಲಿ ಬರುತ್ತದೆ, ಗೋಲು ತಡೆದವನನ್ನು ಹೆಗಲ ಮೇಲೆ ಹೊರುತ್ತಾರೆ. ನಡುವೆ ಓಡುವವನದು ಗಾಣದೆತ್ತಿನ ಪಾಡು. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳಬೇಕು, ನಮ್ಮವರ ಕಾಲಿಗೆ ಕೊಡಬೇಕು, ಮತ್ತೆ ಓಡಬೇಕು. ನನಗೆ ಅಂಥ ವೇಗವಿರಲಿಲ್ಲ, ಕಾಲ್ಚಳಕವೂ ಅಷ್ಟಕ್ಕಷ್ಟೇ. ಉಸಿರಿತ್ತು. ತೊಂಬತ್ತನೇ ನಿಮಿಷದಲ್ಲೂ ಮೊದಲ ನಿಮಿಷದ ಹಾಗೆ ಓಡುತ್ತಿದ್ದೆ. ಅಷ್ಟು ವರ್ಷ ನನಗೆ ಸಂಬಳ ಬಂದದ್ದು ಆ ಉಸಿರಿಗೇ.

ನನ್ನ ಹಿಂದೆ ಆಡುತ್ತಿದ್ದವನು ಹುಸೇನ್. ಅವನೂ ಕಂಪ್ಲಿಯವನೇ, ನನಗಿಂತ ಎಂಟು ವರ್ಷ ಚಿಕ್ಕವನು, ಡಿಫೆಂಡರ್. ಚೆಂಡು ನನ್ನ ಕಡೆಗೆ ಬರುವಾಗ ಬೆನ್ನ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ನನಗೆ ಕಾಣಿಸುವುದಿಲ್ಲ. ಅವನು ಹಿಂದಿನಿಂದ ಕೂಗುತ್ತಿದ್ದ. ‘ಅದಾನ’ ಅಂದರೆ ಮೇಲೆ ಬೀಳಲು ಒಬ್ಬ ಬರುತ್ತಿದ್ದಾನೆ, ಒಂದೇ ಏಟಿಗೆ ಚೆಂಡು ಬಿಟ್ಟುಬಿಡು ಎಂದರ್ಥ. ‘ಇಲ್ಲ’ ಅಂದರೆ ಧೈರ್ಯವಾಗಿ ತಿರುಗು. ನಾಲ್ಕು ವರ್ಷ ಅವನ ಮಾತು ನಂಬಿ ಹಿಂದೆ ನೋಡದೆ ತಿರುಗಿದ್ದೇನೆ. ಅದು ಒಂದು ಸಲವೂ ಸುಳ್ಳಾಗಲಿಲ್ಲ.

ವಾರದಲ್ಲಿ ನಾಲ್ಕು ದಿನ ನಮಗೆ ಸಂಡೂರಿನಲ್ಲಿ ಪ್ರಾಕ್ಟೀಸು. ಗಣಿಯವರ ಕ್ವಾರ್ಟರ್ಸಿನಲ್ಲಿ ಇಬ್ಬಿಬ್ಬರಿಗೆ ಒಂದು ಕೋಣೆ. ನಾನೂ ಹುಸೇನನೂ ಒಂದೇ ಕೋಣೆ. ಧೂಳು ಒಳಗೆ ಬರಬಾರದೆಂದು ಕಿಟಕಿಗಳನ್ನು ಮುಚ್ಚಿ, ಸಂದಿಗಳಿಗೆಲ್ಲ ಪೇಪರ್ ಅಂಟಿಸಿದ್ದೆವು. ಬಾಗಿಲ ಕೆಳಗೆ ಒದ್ದೆ ಗೋಣಿಚೀಲ. ಸಂಜೆ ಆಟ ಮುಗಿದ ಮೇಲೆ ಮ್ಯಾನೇಜರ್ ಬಸಣ್ಣ ಒಬ್ಬೊಬ್ಬರ ಕೈಗೆ ಒಂದೊಂದು ಅಚ್ಚು ಬೆಲ್ಲ ಇಡುತ್ತಿದ್ದರು. “ತಿನ್ರಲೇ, ಗಂಟಲದಾಗಿನ ಧೂಳೆಲ್ಲಾ ಕೆಳಗ ಇಳೀತೈತಿ,” ಎನ್ನುತ್ತಿದ್ದರು. ಗಿರಣಿಯ ಹೊಟ್ಟಿನ ಧೂಳಿನಲ್ಲಿ ದುಡಿದ ನಮ್ಮಪ್ಪನೂ ಹಾಗೆಯೇ ಬೆಲ್ಲ ತಿನ್ನುತ್ತಿದ್ದ. ಅದನ್ನು ನೋಡಿ ಬೆಳೆದ ನಾನು ಕೆಮ್ಮು ಹೆಚ್ಚಾದಂತೆ ಬೆಲ್ಲ ಹೆಚ್ಚು ಮಾಡಿದೆ.

ದೀಪಾವಳಿಯ ಹೊತ್ತಿಗೆ ಶುರುವಾದ ಕೆಮ್ಮು ಸಂಕ್ರಾಂತಿಗೂ ನಿಲ್ಲಲಿಲ್ಲ. ಸಂಜೆಯಾದರೆ ಮೈ ಬಿಸಿ. ಚಡ್ಡಿಯ ಲಾಡಿ ನಾಲ್ಕು ಬೆರಳು ಹೆಚ್ಚು ಉಳಿಯತೊಡಗಿತು. ಒಂದು ಕ್ಲಿನಿಕ್ಕಿಗೆ ಹೋದೆ. ಎದೆಗೆ ಕೊಳವೆ ಇಟ್ಟು ನೋಡಿ, “ಡಸ್ಟ್ ಅಲರ್ಜಿ, ಊರಿಗೆಲ್ಲಾ ಇರೋದ” ಎಂದು ಸಿರಪ್ ಬರೆದುಕೊಟ್ಟರು. ನನಗೆ ಖುಷಿಯೇ ಆಯಿತು. ಊರಿಗೆಲ್ಲ ಇರುವುದು ನನಗೂ ಇದ್ದರೆ ಅದು ಕಾಯಿಲೆ ಹೇಗಾದೀತು?

ಕಾಯಿಲೆ ಕಂಡುಹಿಡಿದವಳು ನನ್ನ ಹೆಂಡತಿ ಶಾರದಾ. ಒಂದು ಭಾನುವಾರ ಬೆಳಿಗ್ಗೆ ನನ್ನ ಬಟ್ಟೆ ನೆನೆಹಾಕಿ, ಬಹಳ ಹೊತ್ತು ಬಚ್ಚಲಲ್ಲೇ ಕೂತಿದ್ದಳು. ಆಮೇಲೆ ಕರೆದಳು. ಎರಡು ಬಕೆಟ್ ಇದ್ದವು. ಒಂದರಲ್ಲಿ ನನ್ನ ಜರ್ಸಿ, ಇನ್ನೊಂದರಲ್ಲಿ ಕರವಸ್ತ್ರಗಳು.

“ಇದನ್ನ ನೋಡ್ರಿ,” ಎಂದು ಜರ್ಸಿಯ ಬಕೆಟ್ ತೋರಿಸಿದಳು. ಕೆಂಪು ಮಣ್ಣು ತಳ ಹಿಡಿದು ಮೇಲೆ ನೀರು ತಿಳಿಯಾಗಿತ್ತು. “ಮಣ್ಣಾದ್ರ ತಳಕ್ಕ ಇಳೀತೈತಿ. ಇದು ಒಂದ್ ತಾಸಾತು, ಇಳೀವಲ್ದು.”

ಕರವಸ್ತ್ರದ ನೀರು ಮೇಲಿನಿಂದ ಕೆಳಗಿನ ತನಕ ಒಂದೇ ಬಣ್ಣವಾಗಿತ್ತು. ನಾನು ಏನೋ ಹೇಳಲು ಹೋದೆ. ಅವಳು ಕೈ ಒರೆಸಿಕೊಂಡು, “ಅಂಗಿ ಹಾಕ್ಕೊಳ್ರಿ, ನಾಳಿ ತನ ಕಾಯೋದ್ ಬ್ಯಾಡ,” ಎಂದಳು. ಭಾನುವಾರ ಯಾವ ಡಾಕ್ಟರೂ ಇರುವುದಿಲ್ಲವೆಂದು ನಾನೇ ತಡೆದೆ. ಆ ಒಂದು ದಿನ ಮಗಳನ್ನು ಅವಳು ನನ್ನ ಹತ್ತಿರ ಬಿಡಲಿಲ್ಲ. ಮಗಳು ಸುಮಾಗೆ ಆಗ ನಾಲ್ಕು ವರ್ಷ, ನನ್ನ ಬೆನ್ನ ಮೇಲೆ ಹತ್ತಿ ಕೂರುವುದೇ ಅವಳ ಆಟ.

ಮರುದಿನ ಸರಕಾರಿ ಆಸ್ಪತ್ರೆಯ ಉದ್ದ ಬೆಂಚಿನ ಮೇಲೆ ನಾನು ಟವೆಲ್ ಹೊದ್ದು ಕೂತೆ. ಚಳಿಗಲ್ಲ, ಮುಖ ಕಾಣಬಾರದೆಂದು. ಪಕ್ಕದಲ್ಲಿ ವಡ್ಡು ಎಂಬ ಹಳ್ಳಿಯಿಂದ ಬಂದ ಒಬ್ಬ ಹೆಂಗಸು, ಆಚೆ ಇಬ್ಬರು ಲಾರಿ ಡ್ರೈವರುಗಳು. ಒಬ್ಬ ಡ್ರೈವರ್ ಬಗ್ಗಿ ನನ್ನನ್ನೇ ನೋಡಿದ. “ನೀವು ಆ ಎಂಟನೇ ನಂಬರ್ ಅಲ್ರಿ? ಏನ್ ಓಡ್ತೀರಿ ಮಾರಾಯ್ರ,” ಎಂದ. ನಾನು ಅಲ್ಲ ಎಂದೆ. ಹದಿನೇಳು ವರ್ಷದಲ್ಲಿ ನನ್ನನ್ನು ಗುರುತಿಸಿ ಮಾತಾಡಿಸಿದವರನ್ನು ಬೆರಳಲ್ಲಿ ಎಣಿಸಬಹುದು. ಅಂಥವನೊಬ್ಬ ತಾನಾಗಿ ಸಿಕ್ಕ ದಿನ ನಾನು ನಾನಲ್ಲ ಎಂದು ಹೇಳಬೇಕಾಯಿತು.

ಕಫ ಕೊಟ್ಟೆ, ಎಕ್ಸ್‌ರೇ ತೆಗೆದರು, ಮತ್ತೆ ಕಫ ಕೊಟ್ಟೆ. ಮೂರನೇ ದಿನ ಡಾಕ್ಟರು ತಲೆ ಎತ್ತದೆ ಹೇಳಿದರು. “ಟಿ.ಬಿ. ಐತಿ. ಆರು ತಿಂಗಳು ಗುಳಿಗಿ. ಒಂದಿನಾನೂ ತಪ್ಪಿಸಂಗಿಲ್ಲ.” ಅವರ ಮೇಜಿನ ಮುಂದೆ ಇನ್ನೂ ಮೂವತ್ತು ಜನ ಇದ್ದರು. ಅವರಿಗೂ ಸಾಕಾಗಿತ್ತು ಅನ್ನಿಸುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ, ಓಡಬಹುದಾ ಅಂತ. “ಮದ್ಲು ಬದುಕ್ರಿ,” ಎಂದರು.

ಗುಳಿಗೆ ಕೊಡುತ್ತಿದ್ದವರು ಗಿರಿಜಮ್ಮ ಎಂಬ ಆರೋಗ್ಯ ಸಹಾಯಕಿ. ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಒಬ್ಬೊಬ್ಬ ರೋಗಿಗೆ ಒಂದೊಂದು ರಟ್ಟಿನ ಡಬ್ಬಿ, ಅದರ ಮೇಲೆ ಹೆಸರು. ಸೋಮವಾರ, ಬುಧವಾರ, ಶುಕ್ರವಾರ ಅವರ ಕಣ್ಣೆದುರೇ ಏಳು ಗುಳಿಗೆ ನುಂಗಬೇಕು. ಮೊದಲ ದಿನವೇ ಮೂತ್ರ ಕೆಂಪಾಯಿತು. ಹೆದರಿ ಕೇಳಿದರೆ, “ಅದು ಗುಳಿಗಿ ಬಣ್ಣ. ಊರೆಲ್ಲಾ ಕೆಂಪಾಗೇತಿ, ಅದೊಂದ್ ಬಾಕಿ ಇತ್ತು,” ಎಂದರು. ಕಾಯಿಲೆ ಗೊತ್ತಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಆಮೇಲೆ ಅವರು ಪೆನ್ನು ತೆಗೆದುಕೊಂಡು ಕೇಳಿದರು. “ನಿಮ್ ಜೋಡಿ ಒಂದ ಕೋಣಿಯಾಗ ಯಾರ್ ಯಾರ್ ಮಲಗ್ತಾರ, ಬರೆಸ್ರಿ.”

ಇದನ್ನು ನಾನು ಬರೆಯುತ್ತಿರುವುದೇ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕಾಗಿ. “ಹೆಂಡ್ತಿ, ಮಗಳು,” ಎಂದೆ. ಹುಸೇನನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಕಾರಣ ಇಷ್ಟು. ಮೂರು ವಾರದಲ್ಲಿ ಸಂಡೂರಿನಲ್ಲಿ ಟೂರ್ನಮೆಂಟ್ ಇತ್ತು. ಅದು ಮುಗಿದ ಮೇಲೆ ಹಳೆಯ ಆಟಗಾರರಿಬ್ಬರಿಗೆ ಗಣಿಯ ವೇಬ್ರಿಡ್ಜಿನಲ್ಲಿ ಕಾಯಂ ಕೆಲಸ ಕೊಡುವುದಾಗಿ ಧಣಿ ಮಾತು ಕೊಟ್ಟಿದ್ದರು. ಲಾರಿ ತೂಕ ಬರೆದುಕೊಳ್ಳುವ ಕೆಲಸ. ಪಿಯುಸಿ ಫೇಲಾದವನಿಗೆ, ಎರಡೂ ಮೊಣಕಾಲು ಸವೆದವನಿಗೆ, ಮೂವತ್ತಾರಕ್ಕೆ ಇನ್ನೇನು ಸಿಗುತ್ತದೆ? ಹುಸೇನನನ್ನು ತಪಾಸಣೆಗೆ ಕರೆದರೆ ತಂಡಕ್ಕೆ ಗೊತ್ತಾಗುತ್ತದೆ, ತಂಡಕ್ಕೆ ಗೊತ್ತಾದರೆ ನಾನು ಮನೆಗೆ. ಟೂರ್ನಮೆಂಟ್ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಗ ಹುಸೇನನ ಹೆಂಡತಿಗೆ ಏಳು ತಿಂಗಳು. ಅದೂ ನನಗೆ ಗೊತ್ತಿತ್ತು.

ಶಾರದಾ ಕೇಳಿದಳು, “ತಂಡದೋರಿಗೆ ಹೇಳಿದ್ರೇನು?” ಹೇಳಿದೆ ಎಂದೆ. ಅವಳ ಮತ್ತು ಮಗಳ ತಪಾಸಣೆ ಆಯಿತು. ಇಬ್ಬರಿಗೂ ಏನೂ ಇರಲಿಲ್ಲ. ಮಗಳಿಗೆ ಮುಂಜಾಗ್ರತೆಗೆ ಒಂದು ಸಣ್ಣ ಗುಳಿಗೆ ಕೊಟ್ಟರು. ಆ ದಿನ ದೇವರಿಗೆ ಕಾಯಿ ಒಡೆಸಲು ನಾನೊಬ್ಬನೇ ಬಸ್ ಹತ್ತಿ ಹಂಪಿಗೆ ಹೋದೆ. ಹಂಪಿ ಬಜಾರಿನ ಕಲ್ಲು ಮಂಟಪವೊಂದರಲ್ಲಿ ಕೂತು, ನನ್ನ ಮನೆಯವರು ಪಾರಾದರು ಎಂದು ಅತ್ತೆ. ಹುಸೇನ್ ಆ ಅಳುವಿನಲ್ಲಿ ಇರಲಿಲ್ಲ. ಮನುಷ್ಯ ಎಷ್ಟು ಸಣ್ಣವನಾಗಬಲ್ಲ ಎಂದು ಯಾರಾದರೂ ಕೇಳಿದರೆ ನಾನು ಆ ಮಂಟಪ ತೋರಿಸಬಹುದು.

ಸೋಮವಾರ ಗುಳಿಗೆ ನುಂಗಿ ಸಂಡೂರಿನ ಬಸ್ ಹತ್ತುತ್ತಿದ್ದೆ. ಬುಧವಾರದ ಗುಳಿಗೆಗೆ ಬೆಳಿಗ್ಗೆ ಬಂದು ಹೋಗುತ್ತಿದ್ದೆ, ಶುಕ್ರವಾರದ ಹೊತ್ತಿಗೆ ಊರಲ್ಲೇ ಇರುತ್ತಿದ್ದೆ. ಬಸಣ್ಣನಿಗೆ ಅಲರ್ಜಿಯ ಚೀಟಿ ತೋರಿಸಿದ್ದೆ. ಕೋಣೆಯಲ್ಲಿ ಮುಖವನ್ನು ಗೋಡೆಯ ಕಡೆ ಮಾಡಿ ಮಲಗುತ್ತಿದ್ದೆ. ನನ್ನ ಲೋಟ ಬೇರೆ ಇಟ್ಟೆ. ಅಷ್ಟರಿಂದಲೇ ಅವನನ್ನು ಕಾಪಾಡುತ್ತಿದ್ದೇನೆ ಎಂದು ನನ್ನನ್ನು ನಾನೇ ನಂಬಿಸಿದ್ದೆ. ಒಮ್ಮೆ ಎದ್ದು ಕಿಟಕಿ ತೆಗೆಯಲು ಹೋದೆ. “ಯಾಕಣ್ಣಾ, ಧೂಳ ಬರ್ತೈತಿ,” ಎಂದ ಹುಸೇನ್. ಮತ್ತೆ ಮುಚ್ಚಿದೆ.

ಸೆಮಿಫೈನಲ್ ಹೇಗೋ ಗೆದ್ದೆವು. ಫೈನಲ್ಲಿನ ಎರಡನೇ ಅರ್ಧದಲ್ಲಿ ನನ್ನ ಉಸಿರು ಮುಗಿಯಿತು. ಸುಸ್ತು ಎಂದರೇನೆಂದು ಹದಿನೇಳು ವರ್ಷ ನನಗೆ ಗೊತ್ತಿತ್ತು. ಇದು ಸುಸ್ತಲ್ಲ, ಒಳಗೆ ಎಳೆದುಕೊಂಡ ಗಾಳಿ ಹೋಗಿ ಕೂರುವುದಕ್ಕೇ ಜಾಗವಿರಲಿಲ್ಲ. ನನ್ನ ಪಾಲಿನ ಓಟವನ್ನೂ ಹುಸೇನ್ ಓಡಿದ. ನನ್ನ ಜಾಗ ತುಂಬಲು ಅವನು ಮುಂದೆ ಬಂದಾಗ ಹಿಂದೆ ಖಾಲಿಯಾದ ದಾರಿಯಲ್ಲೇ ಎದುರಾಳಿ ನುಗ್ಗಿ ಗೋಲು ಹೊಡೆದ. ಸೋತೆವು. ಹುಸೇನ್ ಬಸಣ್ಣ ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು, ಗೆರೆಯ ಮೇಲೆ ಕೂತು ಕೆಮ್ಮಿದ. ನನ್ನ ಹಾಗೆಯೇ ಕೆಮ್ಮಿದ, ಕೊನೆಯಲ್ಲಿ ಒಂದು ಸಣ್ಣ ಎಳೆತ. “ಧೂಳಣ್ಣಾ,” ಎಂದ.

ಅದಾದ ಮೇಲೂ ನಾನು ಎಂಟು ದಿನ ಸುಮ್ಮನಿದ್ದೆ. ಕೆಲಸದ ಆರ್ಡರ್ ಇನ್ನೂ ಬಂದಿರಲಿಲ್ಲ. ಒಂಬತ್ತನೇ ದಿನ ಊಟಕ್ಕೆ ಕೂತಾಗ ಶಾರದಾಳಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಟ್ಟೆಯನ್ನು ಒಂದು ಕಡೆ ಸರಿಸಿದಳು.

“ಆ ಹುಡುಗಿ ಹೊಟ್ಟ್ಯಾಗ ಕೂಸೈತಿ. ನಿಮ್ ಮಗಳು ಉಳಿದ್ಳು ಅಂತ ಕಾಯಿ ಒಡೆಸಿ ಬಂದ್ರಿ. ನಾಳಿ ಹೋಗಿ ಹೇಳ್ರಿ. ಇಲ್ಲಂದ್ರ ನಾನ ಹೋಗಿ ಹೇಳ್ತೀನಿ.”

ಕಂಪ್ಲಿಗೆ ಹೋದೆ. ಹುಸೇನನ ತಾಯಿ ಫಾತಿಮಮ್ಮ ಬಾಗಿಲಲ್ಲೇ, “ಎಷ್ಟ್ ಸೊರಗೀಯಪ್ಪಾ ಮಲ್ಲಣ್ಣ, ಕುಂದ್ರು, ಚಾ ಮಾಡ್ತೀನಿ,” ಎಂದರು. ಚಾ ಬೇಡವೆಂದು ಹುಸೇನನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದೆ. ಸೇತುವೆಯ ಹತ್ತಿರ ನಿಂತು ಹೇಳಿದೆ. ನನಗೆ ಟಿ.ಬಿ. ಇದೆ, ನೀನೂ ತೋರಿಸಿಕೊಳ್ಳಬೇಕು, ಗುಳಿಗೆ ಪುಕ್ಕಟೆ, ವಾಸಿಯಾಗುತ್ತದೆ. ಗಿರಿಜಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

ಅವನು ಅದ್ಯಾವುದನ್ನೂ ಕೇಳಲಿಲ್ಲ. “ನಿನಗ ಯಾವಾಗ ಗೊತ್ತಾತಣ್ಣಾ?” ಎಂದ.

ಮೊನ್ನೆ ಎನ್ನಬಹುದಿತ್ತು. ಅವನು ನಂಬುತ್ತಿದ್ದ. ನಾನು ಬಾಯಿ ತೆರೆದೆ. ನಾಲ್ಕು ವರ್ಷ ನನ್ನ ಬೆನ್ನ ಹಿಂದೆ ನಿಂತು ಇದ್ದದ್ದನ್ನು ಇದೆ, ಇಲ್ಲದ್ದನ್ನು ಇಲ್ಲ ಎಂದು ಕೂಗಿದ ಮುಖ ಅದು.

“ಸಂಕ್ರಾಂತಿ ಆದ ವಾರ,” ಎಂದೆ.

“ಟೂರ್ನಮೆಂಟಿಗಿಂತ ಮದ್ಲ?”

“ಮದ್ಲ.”

“ಗುಳಿಗಿ ತಗೊಂಡ ಬಂದು ನನ್ನ ಬಾಜೂಕ ಮಲಗ್ತಿದ್ದಿ?”

“ಹೂಂ.”

ಅವನು ಹೊಳೆಯನ್ನು ನೋಡಿದ. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ತಿರುಗಿ ಊರ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ತನಕ ನಡೆಯಲು ಮೂರು ಕಡೆ ಕೂತು ಎದ್ದೆ.

ಮರುದಿನ ಬಸಣ್ಣನಿಗೂ ಹೇಳಿದೆ. ಇಡೀ ತಂಡವನ್ನು ಆಸ್ಪತ್ರೆಗೆ ಕರೆಸಿದರು. ಕಾಯಿಲೆ ಸಿಕ್ಕಿದ್ದು ಹುಸೇನನಲ್ಲಿ ಮಾತ್ರ. ಬಸಣ್ಣ ನನಗೆ, “ಆರಾಮ್ ಮಾಡ್ಕೋ ಮಲ್ಲಣ್ಣ, ಆಮ್ಯಾಲ ನೋಡೋಣು,” ಎಂದರು. ಆಮೇಲೆ ಯಾರೂ ನೋಡಲಿಲ್ಲ. ವೇಬ್ರಿಡ್ಜಿನ ಕೆಲಸ ಬೇರೆಯವರಿಗೆ ಹೋಯಿತು; ಕೆಲವೇ ವರ್ಷಗಳಲ್ಲಿ ಆ ಗಣಿಯೂ ಮುಚ್ಚಿತು. ಯಾವುದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೆನೋ ಅದು ಸಿಕ್ಕಿದ್ದರೂ ಉಳಿಯುತ್ತಿರಲಿಲ್ಲ. ನನ್ನ ಹದಿನೇಳು ವರ್ಷದ ಆಟ ಸಂಡೂರಿನ ಆ ಸೋತ ಮ್ಯಾಚಿಗೆ ಮುಗಿಯಿತು. ಹಾರವಿಲ್ಲ, ಭಾಷಣವಿಲ್ಲ, ನನ್ನ ಬೂಟುಗಳನ್ನು ಯಾರೋ ಚೀಲದಲ್ಲಿ ಹಾಕಿ ಮನೆಗೆ ಕಳಿಸಿದರು.

ಕಂಪ್ಲಿಯಲ್ಲಿ ಗುಳಿಗೆ ತೆಗೆದುಕೊಂಡರೆ ಓಣಿಗೆಲ್ಲ ಗೊತ್ತಾಗುತ್ತದೆಂದು ಹುಸೇನ್ ಹೊಸಪೇಟೆಗೇ ಬರುತ್ತಿದ್ದ. ಅದೇ ಬೆಂಚು, ಡಬ್ಬಿ ಇಡುವ ಅದೇ ಕಪಾಟು, ನನ್ನ ಡಬ್ಬಿಯ ಕೆಳಗಿನ ಸಾಲಿನಲ್ಲಿ ಅವನ ಡಬ್ಬಿ. ನಾನು ಈ ತುದಿಗೆ ಕೂತರೆ ಅವನು ಆ ತುದಿಗೆ. ಗಿರಿಜಮ್ಮನಿಗೆ ಏನು ತಿಳಿದಿತ್ತೋ, ಇಬ್ಬರನ್ನೂ ಒಂದೇ ಸಮ ಗದರಿಸುತ್ತಿದ್ದರು. ಒಮ್ಮೆ ಹುಸೇನನಿಗೆ ವಾಂತಿಯಾಯಿತು. ನಾನು ನೀರಿನ ಲೋಟ ಹಿಡಿದು ಎದ್ದೆ. ಅವನು ತೆಗೆದುಕೊಳ್ಳಲಿಲ್ಲ. ಗಿರಿಜಮ್ಮ ನನ್ನ ಕೈಯಿಂದ ಲೋಟ ತೆಗೆದುಕೊಂಡು ಅವನಿಗೆ ಕೊಟ್ಟರು, ಕುಡಿದ. ಅಂಥ ಸಣ್ಣ ಉಪಕಾರಗಳನ್ನು ನೆನೆಸಿಕೊಂಡೇ ಆ ದಿನಗಳನ್ನು ತಳ್ಳಿದೆ. ಎರಡು ತಿಂಗಳಾದ ಮೇಲೆ ನನಗೆ ವಾರಕ್ಕೊಮ್ಮೆ ಬಂದರೆ ಸಾಕೆಂದರು. ಉಳಿದ ದಿನಗಳಲ್ಲೂ ನಾನು ಹೋಗುತ್ತಿದ್ದೆ. ಹೋಗಿ ಬೆಂಚಿನ ನನ್ನ ತುದಿಯಲ್ಲಿ ಕೂತು ಬರುತ್ತಿದ್ದೆ, ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

ಮಾರ್ಚ್ ನಡುವಿನಲ್ಲಿ ಅವನಿಗೆ ಮಗಳು ಹುಟ್ಟಿದಳೆಂದು ಗಿರಿಜಮ್ಮನೇ ಹೇಳಿದರು. ಹೆಂಡತಿಗೆ ಕಾಯಿಲೆ ಅಂಟಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಸೋಮವಾರ ಹುಸೇನನ ಎರಡು ತಿಂಗಳ ಕಫದ ವರದಿ ಬಂತು. ಏನೂ ಇಲ್ಲ. ಗಿರಿಜಮ್ಮ ಕನ್ನಡಕ ಮೇಲೆ ಮಾಡಿ, “ಇನ್ನ ಕೂಸಿನ್ನ ಎತ್ಕೋಬೌದು ನೋಡಪ್ಪಾ,” ಎಂದರು. ಅವನು ಚೀಟಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಬೆಂಚಿನ ಉದ್ದಕ್ಕೂ ನಡೆದು ಬಂದು ನನ್ನ ಮುಂದೆ ನಿಂತ.

“ಮೂವತ್ತೆಂಟು ದಿನ,” ಎಂದ. “ಬಾಗಲದಾಗ ನಿಂತು ನೋಡೀನಿ. ಅದು ಅಳ್ತಿತ್ತು, ನಾ ಹೊರಗ ನಿಂತಿದ್ದೆ. ಆ ದಿನಗಳನ್ನ ಎಲ್ಲಿಂದ ತಂದ್ ಕೊಡ್ತಿ?”

ಎರಡು ತಿಂಗಳು ಇಂಥ ಪ್ರಶ್ನೆಗಾಗಿಯೇ ಹುಡುಕಿಟ್ಟುಕೊಂಡಿದ್ದ ಉತ್ತರಗಳನ್ನೆಲ್ಲ ಬಿಟ್ಟೆ.

“ಎಲ್ಲಿಂದ್ಲೂ ಇಲ್ಲ,” ಎಂದೆ.

ಹೊರಗೆ ಲಾರಿಗಳು ಹಾರನ್ ಹಾಕುತ್ತಿದ್ದವು. “ನನಗ ಸಿಟ್ಟು ಇಳಿದಿಲ್ಲ,” ಎಂದ. “ಇಳೀತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಅವ್ವ ನಿನ್ನ ಕೇಳ್ತಾಳ. ಶುಕ್ರವಾರ ಬಂದು ಕೂಸಿನ್ನ ನೋಡ್ಕೊಂಡ್ ಹೋಗು.”

ಶುಕ್ರವಾರ ಶಾರದಾ ಒಂದು ಜುಬ್ಬಾ, ಕುಲಾವಿ ಕಟ್ಟಿಕೊಟ್ಟಳು. ಹುಸೇನನ ಹೆಂಡತಿಯ ತವರು ಕಂಪ್ಲಿಯಲ್ಲೇ, ಅವನ ಮನೆಯಿಂದ ಎರಡು ಓಣಿ ಆಚೆ; ಬಾಣಂತಿ ಅಲ್ಲಿದ್ದಳು. ನಾನು ಹೋದಾಗ ಹುಸೇನ್ ಒಳಗೆ ಮಗುವನ್ನು ಎತ್ತಿಕೊಂಡು ಕೂತಿದ್ದ. ಕತ್ತಿನ ಕೆಳಗೆ ಕೈ ಹೇಗಿಡಬೇಕೆಂದು ಇನ್ನೂ ತಿಳಿದಿರಲಿಲ್ಲ, ಇಡೀ ಮೈ ಬಿಗಿಹಿಡಿದು ಕೂತಿದ್ದ. ಫಾತಿಮಮ್ಮ, “ಬಾರಪ್ಪಾ, ನೀನೂ ಎತ್ಕೋ,” ಎಂದರು. ನನ್ನ ವರದಿ ಶುದ್ಧವಾಗಿ ಒಂದು ತಿಂಗಳು ದಾಟಿತ್ತು. ನನ್ನಿಂದ ಯಾರಿಗೂ ಏನೂ ಆಗದೆಂದು ಗಿರಿಜಮ್ಮ ಎರಡು ಸಲ ಹೇಳಿದ್ದರು. ಆದರೂ ಕಾಲು ಹೊಸ್ತಿಲು ದಾಟಲಿಲ್ಲ. ಕೈ ತೊಳೆದುಕೊಂಡು ಬರುತ್ತೇನೆ ಎಂದು ಅಂಗಳದ ನಲ್ಲಿಗೆ ಹೋದೆ.

ಸೋಪು ಹಚ್ಚಿ ತೊಳೆದೆ. ಮತ್ತೆ ಹಚ್ಚಿ ತೊಳೆದೆ. ಮೊಣಕೈ ತನಕ ತೊಳೆದೆ. ಮುಖ ತೊಳೆದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಸೋಪು ತೆಗೆದುಕೊಂಡೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹಿಂದಿನಿಂದ ಹುಸೇನನ ದನಿ ಬಂತು.

“ಸಾಕು ಬಾ ಅಣ್ಣಾ. ಕೂಸು ಮಕ್ಕೊಂಡ್ ಬಿಡ್ತೈತಿ.”